ಕಾಲು ಸುತ್ತು

ರವಿಕೆಯ ಒಳಮಗ್ಗುಲಲ್ಲಿ ದಾರ
ಕುಣಿಕೆ ಕುಣಿಕೆಯಾಗಿ ಶಾವಿಗೆಯಂತೆ ಜೋತಿದೆ.
ರಾತ್ರಿ ಹನ್ನೊಂದು. ಹೆಗ್ಗನಹಳ್ಳಿ ಕ್ರಾಸಿನ ಕೊನೆಯ ಬಸ್ಸೂ ಹೋಯಿತು.
ವನಜಾಕ್ಷಿ ಮಗಳ ಧಾರೆ ನಾಳೆ ಒಂಬತ್ತಕ್ಕೆ;
ಗಿಳಿಹಸಿರು ರೇಷ್ಮೆ, ಒಂದು ತೋಳು ಮುಗಿದಿದೆ,
ಇನ್ನೊಂದು ಹಟ ಹಿಡಿದಿದೆ.

ಕೈ ಮೊದಲು ಹೋಗುವುದು ಕೆಳಕ್ಕೇ.
ಗಂಟು ಬಿದ್ದಲ್ಲೇ ಕಳ್ಳನೂ ಇರಬೇಕಲ್ಲ.
ಬಾಬಿನ್ ಕೇಸಿನ ಪುಟಾಣಿ ತಿರುಪಿಗೆ
ಸ್ಕ್ರೂಡ್ರೈವರ್ ಕೊಟ್ಟವಳು
ತಡೆದೆ.
ಹಿಂದೆ ಜಬೀವುಲ್ಲಾ ಕೆಮ್ಮಿದ ಹಾಗಾಯಿತು.

ಸುಂಕದಕಟ್ಟೆ ಫ್ಯಾಕ್ಟರಿಯ ಏಳನೇ ಲೈನು.
ನನ್ನದು ಕಫ್, ಗಂಟೆಗೆ ತೊಂಬತ್ತು.
ಕಿವಿಯ ಮೇಲೆ ಬ್ರಷ್ಷು ಸಿಕ್ಕಿಸಿಕೊಂಡು ಬರುತ್ತಿದ್ದ,
ಮಿಷನ್ನು ಮುಟ್ಟುವ ಮುಂಚೆ ಬಟ್ಟೆ ಮಗುಚಿ ನೋಡುತ್ತಿದ್ದ.
"ಅಡಿಗೆ ಗಂಟು ಬಿದ್ರೆ ತಪ್ಪು ಮೇಲಿನದು ತಾಯೀ.
ಮೇಲೆ ಹಿಡಿಯೋರಿಲ್ಲ ಅಂದ್ರೆ
ಕೆಳಗಿನ ದಾರ ಏನು ಮಾಡುತ್ತೆ, ಪಾಪ."
ಅವನು ಗಾಜಿನ ಕ್ಯಾಬಿನ್ನಿನತ್ತ ನೋಡಲೇ ಇಲ್ಲ.
ನೋಡಿದ್ದು ನಾವು, ಹದಿನೇಳು ಜನ.

"ಏನ್ರೀ ಅಲ್ಲಿ?" ಸೂಪರ್‌ವೈಸರ್ ಕೂಗಿದ.
"ಟೆನ್ಷನ್ ಲೂಸಾಗಿದೆ ಸಾರ್."
"ಪುಣ್ಯ ಮಾಡಿದ ಮಿಷನ್ನು" ಅಂದಳು ರಂಗಲಕ್ಷ್ಮಿ,
ಸೂಜಿಯಿಂದ ಕಣ್ಣೆತ್ತದೆ.
ಆ ದಿನದ ನಗುವಿಗೆ ಆರು ಕಫ್ ಕಮ್ಮಿ ಬಿದ್ದವು.

ಅವನು ಕಲಿಸಿದ್ದು ಇಷ್ಟೇ:
ದಾರ ಪೋಣಿಸುವಾಗ ಕಾಲು ಎತ್ತು,
ಬಿಗಿ ನೋಡುವಾಗ ಕಾಲು ಇಳಿಸು.
ಎತ್ತಿದಾಗ ಬಿಲ್ಲೆಗಳೆರಡೂ ಬಾಯಿ ಬಿಟ್ಟಿರುತ್ತವೆ,
ಆಗ ತಿರುಪು ಎಷ್ಟು ತಿರುವಿದರೂ ಅದಕ್ಕೇನೂ ಗೊತ್ತಾಗದು.
(ಭಾನುವಾರ ಕನ್ನಡಿ ಮುಂದೆ ನಿಂತು
ನಾನು ಚೆನ್ನಾಗಿಯೇ ಇದ್ದೀನಲ್ಲ ಅಂದುಕೊಳ್ಳುತ್ತಿದ್ದೆ.
ಅದು ಕಾಲು ಎತ್ತಿಟ್ಟು ತೆಗೆದ ಅಳತೆ.)
ತಿರುಗಿಸಲೇಬೇಕೆಂದರೆ ಕಾಲು ಸುತ್ತು.
ಚಿಂದಿಯ ಮೇಲೆ ಹೊಲಿದು ನೋಡು. ಮತ್ತೆ ಕಾಲು.
ಒಂದೇ ಏಟಿಗೆ ಒಂದು ಸುತ್ತು ತಿರುಗಿಸುವವನು
ಮಿಷನ್ನು ರಿಪೇರಿ ಮಾಡುತ್ತಿಲ್ಲ,
ಮನೆಯ ಸಿಟ್ಟು ತೀರಿಸುತ್ತಿದ್ದಾನೆ.

ಫ್ಯಾಕ್ಟರಿ ಊರು ಬಿಟ್ಟಿತು.
ಎರಡು ತಿಂಗಳ ಸಂಬಳದ ಬದಲು
ಕೂತ ಮಿಷನ್ನನ್ನೇ ಎತ್ತಿಕೊಂಡು ಹೋಗಿ ಅಂದರು.
ಗೂಡ್ಸ್ ಆಟೋದಲ್ಲಿ ಅದನ್ನು ತಬ್ಬಿ ಹಿಡಿದು ಬಂದೆ.
ಜಬೀವುಲ್ಲಾ ಬಂದು ಮೋಟಾರು ಕೂರಿಸಿಕೊಟ್ಟ,
ಟೀ ಕುಡಿದ, ದುಡ್ಡು ಮುಟ್ಟಲಿಲ್ಲ.
ಈಗ ಅವನ ನಂಬರು ಚಾಲ್ತಿಯಲ್ಲಿಲ್ಲ.

ಸರಿ, ಅವನ ಲೆಕ್ಕದಲ್ಲೇ ಹೋಗೋಣ.
ಬಾಬಿನ್ ಕೇಸನ್ನು ದಾರದ ತುದಿಗೆ ತೂಗುಬಿಟ್ಟೆ:
ಸರ್ರನೆ ಜಾರಿದರೆ ಸಡಿಲ,
ಜಗ್ಗಿದರೂ ಕೂತಲ್ಲೇ ಕೂತರೆ ಬಿಗಿ.
ಅದು ಎರಡು ಬೆರಳು ಇಳಿದು,
ಯೋಚಿಸಿ,
ನಿಂತಿತು.
ಇದರ ಮೇಲೆ ಸುಮ್ಮನೆ ಅನುಮಾನ ಪಟ್ಟೆನಲ್ಲ.

ಕಾಲು ಎತ್ತಿದೆ. ದಾರ ಕಿತ್ತೆ.
ಮೇಲಿನ ತಿರುಪು ಪೂರ್ತಿ ಬಿಚ್ಚಿ, ಸ್ಪ್ರಿಂಗನ್ನು ಮುಷ್ಟಿಯಲ್ಲಿಟ್ಟು
(ಹಾರಿದರೆ ಮಂಚದಡಿ ಹುಡುಕಬೇಕು)
ಬಿಲ್ಲೆಗಳ ನಡುವೆ ಚಿಂದಿ ಬಟ್ಟೆ ಎಳೆದೆ.
ಬಂತು:
ಅಕ್ಕಿಕಾಳಿನಷ್ಟು ಜುಂಗು, ನೀಲಿ.

ಈ ಮನೆಯಲ್ಲಿ ಈ ನೀಲಿ ನಾನು ಹೊಲಿದೇ ಇಲ್ಲ.
ಯಾವುದೋ ದೇಶದಲ್ಲಿ ಯಾವನೋ ತೊಟ್ಟು, ಹಳೆಯದಾಗಿ,
ಬಿಸಾಡಿಯೂ ಆಗಿರಬೇಕು ಆ ಅಂಗಿಯನ್ನು.
ಅದರ ಕಫ್ಫಿನ ಧೂಳು
ಮೂರು ವರ್ಷ ಸ್ಪ್ರಿಂಗಿನ ಬೆನ್ನಿಗೆ ಅಡಗಿದ್ದು
ಇವತ್ತು, ಮದುವೆಯ ಹಿಂದಿನ ರಾತ್ರಿ,
ಜರುಗಿ ಬಂದು ಬಿಲ್ಲೆಗಳ ನಡುವೆ ಕೂತಿದೆ.

ತಿರುಪನ್ನು ಇದ್ದಲ್ಲಿಗೇ ತಂದು ಬಿಟ್ಟೆ.
ಕಾಲು ಸುತ್ತೂ ಬೇಕಾಗಲಿಲ್ಲ.
ಚಿಂದಿಯ ಮೇಲೆ ಒಂದು ಗೆರೆ ಓಡಿಸಿ, ಮಗುಚಿ,
ಉಗುರಿನಿಂದ ಸವರಿದೆ. ಎರಡು ಮುಖವೂ ಒಂದೇ.
ಮೇಲಿನದೂ ಕೆಳಗಿನದೂ ಎಲ್ಲೋ ಬಟ್ಟೆಯ ಹೊಟ್ಟೆಯಲ್ಲಿ
ನನಗೆ ಕಾಣದ ಹಾಗೆ ಕೊಕ್ಕೆ ಹಾಕಿಕೊಂಡಿವೆ.

ನೀಲಿ ಜುಂಗನ್ನು ಊದಿದೆ.
ಹೋಗಲಿಲ್ಲ. ಬೆವರಿದ ಮೊಣಕೈಗೆ ಅಂಟಿತು.
ಇರಲಿ,
ಇನ್ನೊಂದು ತೋಳು ಬಾಕಿ ಇದೆ.